ಜ್ವರ ಬಂದ ದಿನದ ಸಂಬಳ

ನಮ್ಮೂರ ಕಡೆ ಡೇಕೇರ್ ಅನ್ನೋ ಪದವೇ ಇಲ್ಲ. ಬಾಲವಾಡಿ ಅಂತಾರೆ, ಸರ್ಕಾರಿ ಕಾಗದದಲ್ಲಿ ಅಂಗನವಾಡಿ ಅಂತ ಇರುತ್ತೆ. ಕಳೆ ಕೀಳೋಕೋ ಟೊಮೆಟೊ ಬಿಡಿಸೋಕೋ ಹೋಗೋ ತಾಯಿ ಬೆಳಗ್ಗೆ ಮಗೂನ ಅಲ್ಲಿ ಬಿಟ್ಟು, ಸಂಜೆ ನಾಲ್ಕಕ್ಕೆ ವಾಪಸ್ ಕರ್ಕೊಂಡು ಹೋಗ್ತಾಳೆ. ಊಟ, ನಿದ್ದೆ, ಅ ಆ ಇ ಈ, ತೂಕ ನೋಡೋದು ಎಲ್ಲ ಅಲ್ಲೇ. ಬೆಂಗಳೂರಿನಲ್ಲಿ ನಾವು ತಿಂಗಳಿಗೆ ಸಾವಿರಗಟ್ಟಲೆ ಕೊಟ್ಟು ಪಡೆಯೋದೂ ಹೆಚ್ಚುಕಡಿಮೆ ಇದನ್ನೇ. ಎರಡನ್ನೂ ಹತ್ತಿರದಿಂದ ನೋಡಿದ ಒಬ್ಬ ಅಪ್ಪನಾಗಿ, ಸಾಂಕ್ರಾಮಿಕದ ಕಾಲದಲ್ಲಿ ಇಂಥ ಜಾಗದಲ್ಲಿ ಮಕ್ಕಳೂ ಅವರನ್ನು ನೋಡಿಕೊಳ್ಳುವವರೂ ಆರೋಗ್ಯವಾಗಿರಬೇಕು ಅಂದ್ರೆ ಏನು ಬೇಕು ಅನ್ನೋದರ ಬಗ್ಗೆ ನನಗೊಂದು ಅಭಿಪ್ರಾಯ ಇದೆ. ಅದು ಸ್ಯಾನಿಟೈಸರ್ ಬಗ್ಗೆ ಅಲ್ಲ.

ಊರು ಕ್ಯಾಸಂಬಳ್ಳಿ ಹೋಬಳಿಯಲ್ಲಿದೆ. ಮೊದಲು ಬಂಗಾರಪೇಟೆ ತಾಲ್ಲೂಕು, ಈಗ ಕೆಜಿಎಫ್ ತಾಲ್ಲೂಕು. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಹೆಸರಿನಲ್ಲಿರೋ ಮೊದಲ 'ಕೆ' ಈ ಕ್ಯಾಸಂಬಳ್ಳಿಯೇ. ಆಂಧ್ರದ ಗಡಿ ಹತ್ತಿರ. ಎಷ್ಟೋ ಮನೆಗಳಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕೆಜಿಎಫ್ ಪೇಟೆಗೆ ಹೋದರೆ ತಮಿಳು. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಭಾಗದ ಜನಕ್ಕೆ ಬೆಂಗಳೂರಿನ ರೈಲೇ ಗಣಿ ಆಯಿತು. ಮಾರಿಕುಪ್ಪಂನಿಂದಲೂ ಬಂಗಾರಪೇಟೆಯಿಂದಲೂ ಬೆಳಗಿನ ಜಾವ ಹೊರಡೋ ರೈಲುಗಳಲ್ಲಿ ಗಾರ್ಮೆಂಟ್ಸ್, ಹೌಸ್‌ಕೀಪಿಂಗ್, ಸೆಕ್ಯೂರಿಟಿ ಕೆಲಸದವರು ಕಾಲಿಡೋಕೆ ಜಾಗ ಇಲ್ಲದ ಹಾಗೆ ತುಂಬಿರ್ತಾರೆ. ಅವರಲ್ಲಿ ಎಷ್ಟೋ ಜನರ ಮಕ್ಕಳು ಊರಲ್ಲಿ ಅಂಗನವಾಡಿಯಲ್ಲಿ ಬೆಳೀತವೆ.

ನಮ್ಮ ಚಿಕ್ಕಮ್ಮ ಅಂಥದ್ದೊಂದು ಅಂಗನವಾಡಿಯ ಕಾರ್ಯಕರ್ತೆ. ಮಕ್ಕಳಿಗೆ ಟೀಚರ್, ಊರಿಗೆ ಟೀಚರಮ್ಮ. ಅವಳ ಜೊತೆ ಅಡುಗೆಗೆ, ಮಕ್ಕಳನ್ನು ತೊಳೆಯೋಕೆ, ಗುಡಿಸೋಕೆ ಒಬ್ಬ ಸಹಾಯಕಿ. ಮಕ್ಕಳು ಆಕೆಯನ್ನು ಆಯಮ್ಮ ಅಂತಾರೆ. 2020ರ ಮಾರ್ಚ್‌ನಲ್ಲಿ ಅಂಗನವಾಡಿಗಳು ಮುಚ್ಚಿದವು. ಅದೇ ತಿಂಗಳು ರೈಲೂ ನಿಂತಿತು. ನಮ್ಮ ಮಗಳಿಗೆ ಆಗ ಇನ್ನೂ ಮೂರು ತುಂಬಿರಲಿಲ್ಲ. ನಾವು ಅವಳನ್ನು ಬಿಡ್ತಿದ್ದ ಬೆಂಗಳೂರಿನ ಡೇಕೇರ್ ಕೂಡ ಬಾಗಿಲು ಹಾಕಿತು. ಲಾಕ್‌ಡೌನ್ ಸಡಿಲವಾದ ತಕ್ಷಣ ನಾನು, ನನ್ನ ಹೆಂಡತಿ ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಿಗೆ ಬಂದ್ವಿ. ಮಾಳಿಗೆ ಮೇಲೆ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್. ಎರಡು ವರ್ಷ ಅಲ್ಲೇ ಇದ್ವಿ.

ಅಂಗನವಾಡಿ ಮುಚ್ಚಿದರೆ ಮಕ್ಕಳು ಸೇಫ್ ಅಂತ ನಾವೆಲ್ಲ ಅಂದುಕೊಂಡಿದ್ವಿ. ಊರಲ್ಲಿ ಕೂತು ನೋಡಿದಾಗ ಕಂಡದ್ದು ಬೇರೆ. ಮಕ್ಕಳು ಎಲ್ಲೂ ಮಾಯ ಆಗಲ್ಲವಲ್ಲ. ತಾಯಿ ಹೊಲಕ್ಕೆ ಹೋಗಲೇಬೇಕು. ಹಾಗಾಗಿ ಮಕ್ಕಳು ಅಜ್ಜಿಯರ ಸೊಂಟಕ್ಕೆ ಹೋದವು. ಅಂದ್ರೆ ಊರಿನ ಡೇಕೇರ್ ಮುಚ್ಚಲೇ ಇಲ್ಲ. ಸೋಂಕು ತಗುಲಿದರೆ ಬದುಕೋದು ಕಷ್ಟ ಅಂತ ಎಲ್ಲರೂ ಹೇಳ್ತಿದ್ದ 65 ದಾಟಿದವರ ಕೈಗೆ ಅದು ವರ್ಗ ಆಯಿತು. ಒಂದೇ ರೂಮಿನ ಮನೆಗಳಲ್ಲಿ ಅಂತರ ಕಾಪಾಡೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ.

ಚಿಕ್ಕಮ್ಮನಿಗೂ ರಜಾ ಇರಲಿಲ್ಲ. ಅಕ್ಕಿ, ಬೇಳೆ, ಹಾಲಿನ ಪುಡಿ, ಮೊಟ್ಟೆ ಅಳೆದು ಮನೆಮನೆಗೆ ಮುಟ್ಟಿಸಬೇಕಿತ್ತು. ಆಶಾ ಕಾರ್ಯಕರ್ತೆ ಜೊತೆ ಯಾರಿಗೆ ಜ್ವರ, ಯಾರ ಮನೆಗೆ ಬೆಂಗಳೂರಿಂದ ಜನ ಬಂದಿದ್ದಾರೆ ಅಂತ ಬರೆದುಕೊಳ್ಳಬೇಕಿತ್ತು. "ಒಂದು ಮಗೀನ ಅಕ್ಕಿ ಕೊಟ್ಟು ಬತ್ತೀನಿ ಕಣೋ. ಅದನ್ನ ಆರು ಜನ ಉಣ್ತಾರೆ. ಇಲ್ಲಿ ಕೂರಿಸಿ ಬಡಿಸಿದ್ರೆ ಆ ಮೊಟ್ಟೆ ಆ ಮಗೀನ ಹೊಟ್ಟೆಗೇ ಹೋಗ್ತಿತ್ತು," ಅಂತಿದ್ದಳು. ಮಗುವಿನ ಆರೋಗ್ಯ ಅಂದ್ರೆ ವೈರಸ್ ತಗುಲದೆ ಇರೋದು ಮಾತ್ರ ಅಲ್ಲ, ತೂಕ ಇಳಿಯದೆ ಇರೋದೂ ಹೌದು. ಮುಚ್ಚಿದ ಅಂಗನವಾಡಿಯಲ್ಲಿ ಮೊದಲನೆಯದು ಉಳಿಯಿತೋ ಇಲ್ಲವೋ, ಎರಡನೆಯದು ಕೈತಪ್ಪಿದ್ದನ್ನು ಅವಳು ಕಣ್ಣಾರೆ ನೋಡ್ತಿದ್ದಳು.

2021ರ ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಶುರುವಾದಾಗ ಆರೋಗ್ಯ ಸಿಬ್ಬಂದಿ ಜೊತೆ ಅಂಗನವಾಡಿಯವರೂ ಮೊದಲ ಪಟ್ಟಿಯಲ್ಲಿದ್ದರು. ಚಿಕ್ಕಮ್ಮ ಹಾಕಿಸಿಕೊಂಡು ಬಂದಳು. ಊರಲ್ಲಿ ಲಸಿಕೆ ಹಾಕಿಸಿಕೊಂಡರೆ ಹಂಗಾಗುತ್ತೆ ಹಿಂಗಾಗುತ್ತೆ ಅನ್ನೋ ಮಾತು ಬಂದಾಗ ತೋಳು ತೋರಿಸಿ, "ನಾನಿನ್ನೂ ಬದುಕಿದ್ದೀನಲ್ಲ, ಬಾ ನೀನೂ," ಅಂತ ಒಬ್ಬೊಬ್ಬರನ್ನೇ ಎಬ್ಬಿಸಿಕೊಂಡು ಹೋಗ್ತಿದ್ದಳು. ಅವಳ ಲೆಕ್ಕ ಸರಳ. ಇಷ್ಟು ಚಿಕ್ಕ ಮಕ್ಕಳಿಗೆ ಲಸಿಕೆ ಇಲ್ಲ. ಆದ್ದರಿಂದ ಅವರ ಸುತ್ತ ಇರೋ ದೊಡ್ಡವರು ಹಾಕಿಸಿಕೊಳ್ಳಬೇಕು. ಮುಂದೆಯೂ ಹಾಗೇ ಆಯಿತು. 12ರಿಂದ 14 ವರ್ಷದವರಿಗೆ 2022ರ ಮಾರ್ಚ್‌ನಲ್ಲಿ ಲಸಿಕೆ ಶುರುವಾಯಿತು. ಅದಕ್ಕಿಂತ ಚಿಕ್ಕವರ ಸರದಿ ಸರ್ಕಾರಿ ಅಭಿಯಾನದಲ್ಲಿ ಬರಲೇ ಇಲ್ಲ.

ಕೊನೆಗೂ 2021ರ ನವೆಂಬರ್ 8ಕ್ಕೆ ಅಂಗನವಾಡಿ ತೆರೆಯಿತು. ಪಾಸಿಟಿವಿಟಿ ಶೇ 2ಕ್ಕಿಂತ ಕಡಿಮೆ ಇರೋ ತಾಲ್ಲೂಕುಗಳಲ್ಲಿ ಮಾತ್ರ, ಅದೂ ಬೆಳಗ್ಗೆ 10ರಿಂದ 12ರವರೆಗೆ. ಸಿಬ್ಬಂದಿಗೆ ಎರಡು ಡೋಸ್ ಆಗಿರಬೇಕು, ಅಪ್ಪ ಅಮ್ಮನ ಒಪ್ಪಿಗೆ ಪತ್ರ ಬೇಕು. ಕಾಗದದ ಮೇಲೆ ಎಚ್ಚರಿಕೆಯ ಕ್ರಮವೇ. ಆದರೆ ಹತ್ತಕ್ಕೆ ಬಿಟ್ಟು ಹನ್ನೆರಡಕ್ಕೆ ಮಗೂನ ಕರೆದುಕೊಂಡು ಹೋಗೋಳಿಗೆ ಯಾರು ಕೂಲಿ ಕೊಡ್ತಾರೆ? ಮೊದಲ ವಾರ ಬಂದದ್ದು ಮನೆಯಲ್ಲಿ ಅಜ್ಜಿ ಇದ್ದ ಮಕ್ಕಳು, ಮತ್ತೆ ನನ್ನ ಮಗಳಂಥ ವರ್ಕ್ ಫ್ರಮ್ ಹೋಮ್ ಮಕ್ಕಳು. ನಿಜವಾಗಿ ಬೇಕಿದ್ದವರು ಬರೋಕೆ ಆಗಲಿಲ್ಲ.

ನೀರಿನ ವಿಷಯ ಹೇಳಬೇಕು. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದೆ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಕೊಳಾಯಿ ನೀರು ಬರೋ ದಿನ ಊರೇ ಹಬ್ಬದ ಹಾಗೆ ಎದ್ದು ಕೂರುತ್ತೆ. ಇಂಥ ಕಡೆ "20 ಸೆಕೆಂಡ್ ಕೈ ತೊಳೆಯಿರಿ" ಅಂತ ಪೋಸ್ಟರ್ ಅಂಟಿಸೋದು ಸುಲಭ. ಚಿಕ್ಕಮ್ಮ ಲೆಕ್ಕ ಹಾಕಿದಳು. 18 ಮಕ್ಕಳು, ಒಂದೊಂದೂ ಮೂರು ಸಲ, ಸಲಕ್ಕೆ ಒಂದು ಅರ್ಧ ಲೀಟರ್ ಚೊಂಬು ಅಂದ್ರೆ 27 ಲೀಟರ್. ಎರಡು ಬಿಂದಿಗೆ, ಬರೀ ಕೈಗೆ. ಅವಳು ಹಳೇ ನೀರಿನ ಬಾಟಲಿಯ ಮುಚ್ಚಳಕ್ಕೆ ಮೊಳೆ ಕಾಸಿ ತೂತು ಹಾಕಿ, ಬೇಲಿ ಗೂಟಕ್ಕೆ ತಲೆಕೆಳಗಾಗಿ ಕಟ್ಟಿದಳು. ಪಕ್ಕದಲ್ಲಿ ಈರುಳ್ಳಿ ಚೀಲದ ಬಲೆಯಲ್ಲಿ ಸೋಪು. ಬಾಟಲಿ ಹಿಂಡಿದರೆ ಸಣ್ಣ ಧಾರೆ, 100 ಮಿಲಿಲೀಟರಿಗೆ ಕೈ ಕ್ಲೀನ್. 27 ಲೀಟರ್ ಆರಕ್ಕಿಂತ ಕಡಿಮೆಗೆ ಇಳಿಯಿತು. ತಮಾಷೆ ಅಂದ್ರೆ ಆ ನವೆಂಬರ್ ಕೋಲಾರದಲ್ಲಿ ಸುರಿದ ಮಳೆ ಎಂಥದ್ದು ಅಂದ್ರೆ, ವರ್ಷಗಳಿಂದ ತುಂಬದ ಕೆರೆಗಳು ಕೋಡಿ ಹರಿದವು, ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಬಿತ್ತು. ಹೊರಗೆ ಕೆರೆ ಕೋಡಿ, ಒಳಗೆ ಡ್ರಮ್ಮಿನಲ್ಲಿ ಅಳೆದಿಟ್ಟ ನೀರು.

ಮಳೆ ಬಿಟ್ಟ ದಿನ ಮಕ್ಕಳು ಹೊಂಗೆ ಮರದ ಕೆಳಗೆ ಕೂರೋರು. ಕಟ್ಟಡ ಒಂದೇ ರೂಮು, ಒಂದೇ ಕಿಟಕಿ. "ಪ್ಲೇಗು ಬಂದಾಗ ಊರು ಖಾಲಿ ಮಾಡಿ ಹೊಲದಾಗೆ ಗುಡ್ಲು ಹಾಕ್ಕಂಡು ಇರ್ತಿದ್ರಂತೆ. ಗಾಳಿ ಬೆಳಕಿಗೆ ಬಂದ್ರೆ ಬದುಕ್ತೀವಿ ಅಂತ ಅವರಿಗೆ ಗೊತ್ತಿತ್ತು," ಅಂತ ಚಿಕ್ಕಮ್ಮ ಹೇಳಿದಳು. ಪ್ಲೇಗಿಗೂ ಕೋವಿಡ್‌ಗೂ ಕಾರಣ ಬೇರೆ, ಹರಡೋ ದಾರಿ ಬೇರೆ. ಆದರೂ ಅವಳ ಮರದ ನೆರಳಿನ ತೀರ್ಮಾನ ಸರಿಯಾಗಿತ್ತು. ಮೊದಲ ಅಲೆಯಲ್ಲಿ ಜನ ಬೀದಿಗೆಲ್ಲ ಬ್ಲೀಚಿಂಗ್ ಹೊಡೆದರು, ತರಕಾರಿಗೆ ಸೋಪು ಹಚ್ಚಿ ತೊಳೆದರು. ಆಮೇಲೆ ವಿಜ್ಞಾನ ಬೇರೆ ಕಡೆ ಬೆರಳು ತೋರಿಸಿತು. ಮುಟ್ಟಿದ ವಸ್ತುವಿನಿಂದ ಸೋಂಕು ತಗುಲೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಮುಖ್ಯವಾದದ್ದು ಗಾಳಿ. ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ 2020ರಲ್ಲೇ ಹೇಳಿದ್ದವು. ಹಾಗಾದರೆ ಅಂಗನವಾಡಿಯಲ್ಲಿ ಮಾಸ್ಕ್ ಹಾಕಬೇಕಾದವರು ಇಬ್ಬರೇ, ಚಿಕ್ಕಮ್ಮ ಮತ್ತು ಆಯಮ್ಮ.

ಡೇಕೇರ್ ತೆರೆದಿಟ್ಟರೆ ಅಲ್ಲಿ ಕೆಲಸ ಮಾಡೋರ ಗತಿ ಏನು ಅಂತ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ನೋಡಿದ್ದರು. 2020ರ ಮೇ, ಜೂನ್‌ನಲ್ಲಿ 57,000ಕ್ಕೂ ಹೆಚ್ಚು ಮಕ್ಕಳ ಆರೈಕೆ ಸಿಬ್ಬಂದಿಯನ್ನು ಕೇಳಿ ಮಾಡಿದ ಅಧ್ಯಯನ ಅದು. ತೆರೆದ ಕೇಂದ್ರಗಳಲ್ಲಿ ಕೆಲಸ ಮಾಡಿದವರಿಗೆ, ಮುಚ್ಚಿದ ಕೇಂದ್ರಗಳವರಿಗಿಂತ ಹೆಚ್ಚು ಕೋವಿಡ್ ಬಂದಿರಲಿಲ್ಲ. ಆದರೆ ಅದರ ಜೊತೆ ಒಂದು ಷರತ್ತೂ ಇತ್ತು. ಆ ಕೇಂದ್ರಗಳು ಮಕ್ಕಳ ಗುಂಪು ಚಿಕ್ಕದು ಮಾಡಿದ್ದವು, ದಿನಾ ರೋಗಲಕ್ಷಣ ಕೇಳ್ತಿದ್ದವು, ಕೈ ತೊಳೆಸ್ತಿದ್ದವು. ಸುತ್ತಮುತ್ತ ಸೋಂಕು ಜೋರಾಗಿದ್ದರೆ ಈ ಮಾತು ಹಾಗೇ ನಿಲ್ಲುತ್ತೆ ಅಂತ ಅವರೂ ಹೇಳಲಿಲ್ಲ.

ಗುಂಪು ಚಿಕ್ಕದು ಮಾಡಬಹುದು, ಕೈ ತೊಳೆಸಬಹುದು. ಲಕ್ಷಣ ಕೇಳೋದು ಮಾತ್ರ ಅಷ್ಟು ಸುಲಭ ಅಲ್ಲ. ಕೇಳಿದರೆ ನಿಜ ಹೇಳಬೇಕಲ್ಲ.

ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ ನಾನು ಮಗಳನ್ನು ಬಿಡೋಕೆ ಹೋದಾಗ ಚಿಕ್ಕಮ್ಮ ಬಾಗಿಲಲ್ಲಿ ಆಯಮ್ಮನನ್ನು ನಿಲ್ಲಿಸಿಕೊಂಡಿದ್ದಳು.

"ಕಣ್ಣು ಕೆಂಡದಂಗೈತೆ. ಜ್ವರ ಐತಾ?"

"ಇಲ್ಲ ಟೀಚರಮ್ಮ. ರಾತ್ರಿ ನಿದ್ದೆ ಇಲ್ಲ, ಅಷ್ಟೇ."

ಚಿಕ್ಕಮ್ಮ ಕೈ ಮುಟ್ಟಿ ನೋಡಿದಳು. "ಮಾತ್ರೆ ನುಂಗಿ ಬಂದಿದೀಯಾ?"

ಆಯಮ್ಮ ಸುಮ್ಮನೆ ನಿಂತಳು. ಆಮೇಲೆ, "ಬರ್ದಿದ್ರೆ ದುಡ್ಡು ಹಿಡ್ಕಂಡ್ರೆ ಏನ್ ಮಾಡಾದು ಟೀಚರಮ್ಮ? ಈ ತಿಂಗಳು ಮಗನ ಫೀಸ್ ಐತೆ," ಅಂದಳು.

ಅವಳಿಗೆ ಕೋವಿಡ್ ಬಗ್ಗೆ ಗೊತ್ತಿಲ್ಲದೆ ಏನಿರಲಿಲ್ಲ. ಎರಡು ಡೋಸ್ ಆಗಿತ್ತು, ಮಾಸ್ಕ್ ಮೂಗಿನ ಮೇಲೇ ಇತ್ತು, ತರಬೇತಿಯಲ್ಲಿ ಹೇಳಿಕೊಟ್ಟದ್ದೆಲ್ಲ ಬಾಯಿಪಾಠ. ಅವಳ ಹತ್ತಿರ ಇಲ್ಲದೆ ಇದ್ದದ್ದು ಒಂದೇ, ಮನೆಯಲ್ಲಿ ಮಲಗಿದರೂ ತಿಂಗಳ ದುಡ್ಡು ಬರುತ್ತೆ ಅನ್ನೋ ಭರವಸೆ. ಚಿಕ್ಕಮ್ಮ ಅವಳನ್ನು ವಾಪಸ್ ಕಳಿಸಿ, ದುಡ್ಡಿನ ವಿಷಯ ತಾನು ಮೇಲಿನವರ ಹತ್ತಿರ ಮಾತಾಡ್ತೀನಿ ಅಂದಳು. ಮಾತಾಡಿದಳು ಕೂಡ, ಆ ತಿಂಗಳ ದುಡ್ಡು ಪೂರ್ತಿ ಬಂತು. ಐದು ದಿನ ತಾಯಂದಿರು ಸರದಿ ಮೇಲೆ ಬಂದು ಆಯಮ್ಮನ ಕೆಲಸ ಮಾಡಿದರು. ಆದರೆ ಇದು ಒಬ್ಬ ಟೀಚರಮ್ಮನ ಗಟ್ಟಿತನದಿಂದ ಆದದ್ದು. ಪಕ್ಕದ ಊರಲ್ಲಿ ಹೀಗೇ ಆಗುತ್ತೆ ಅನ್ನೋ ಖಾತ್ರಿ ಇಲ್ಲ.

ಅವತ್ತು ಸಂಜೆ ಅವಳು ಹೇಳಿದ್ದು ನನ್ನ ತಲೆಯಲ್ಲಿ ಕೂತಿದೆ. "ಜನ ರೋಗಕ್ಕೆ ಹೆದರಿ ಬಚ್ಚಿಡಲ್ಲ ಕಣೋ. ಕೂಲಿ ಹೋಯ್ತದೆ ಅಂತ ಬಚ್ಚಿಡ್ತಾರೆ."

ತಾಯಂದಿರದ್ದೂ ಇದೇ ಕಥೆ. ಮಗುವಿಗೆ ರಾತ್ರಿ ಜ್ವರ, ಬೆಳಗ್ಗೆ ಕೂಲಿ ಇದೆ, ಒಂದು ಮುಚ್ಚಳ ಸಿರಪ್ ಕುಡಿಸಿದರೆ ಮಧ್ಯಾಹ್ನದವರೆಗೂ ಮೈ ತಣ್ಣಗಿರುತ್ತೆ. ಇದು ಹಳ್ಳಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. 2022ರ ಜೂನ್‌ನಲ್ಲಿ ನಾವು ಬೆಂಗಳೂರಿಗೆ ವಾಪಸ್ ಬಂದು ಮಗಳನ್ನು ಸ್ಕೂಲಿಗೂ, ಸ್ಕೂಲ್ ಬಿಟ್ಟ ಮೇಲೆ ಡೇಕೇರಿಗೂ ಹಾಕಿದ್ವಿ. ಅಲ್ಲಿನ ನಿಯಮ, ಜ್ವರ ಬಿಟ್ಟು 24 ಗಂಟೆ ಆಗೋವರೆಗೆ ಮಗೂನ ಕಳಿಸಬಾರದು. ಒಳ್ಳೆಯ ನಿಯಮ. ಆದರೆ ಹನ್ನೊಂದು ಗಂಟೆಯ ಕ್ಲೈಂಟ್ ಕಾಲ್ ಬಿಡೋಕೆ ಆಗದ ಅಪ್ಪ ಅಮ್ಮಂದಿರ ಬ್ಯಾಗಿನಲ್ಲೂ ಅದೇ ಸಿರಪ್ ಇರುತ್ತೆ. ಮಧ್ಯಾಹ್ನ ಎರಡಕ್ಕೆ ಮೈ ಬಿಸಿಯಾದಾಗ ಡೇಕೇರ್‌ನಿಂದ ಫೋನ್ ಬರುತ್ತೆ. ಅದೂ ಅಮ್ಮನಿಗೆ. ಫಾರಂನಲ್ಲಿ ಮೊದಲ ನಂಬರ್ ನನ್ನದೇ ಬರೆದಿದ್ದರೂ ಫೋನ್ ಹೋಗ್ತಿದ್ದದ್ದು ನನ್ನ ಹೆಂಡತಿಗೆ. ಅಮ್ಮನ ರಜಾ ಅಂದ್ರೆ ಕೇಳದೆ ತಗೊಳ್ಳಬಹುದಾದ ರಜಾ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಜರ್ಮನಿಯಲ್ಲಿ ಇದಕ್ಕೆ ಒಂದು ವ್ಯವಸ್ಥೆ ಇದೆ. ಮಗುವಿಗೆ ಹುಷಾರಿಲ್ಲದಾಗ ಮನೆಯಲ್ಲಿರೋ ಅಪ್ಪನಿಗೋ ಅಮ್ಮನಿಗೋ ಆರೋಗ್ಯ ವಿಮೆಯಿಂದ ಸಂಬಳದ ಬಹುಪಾಲು ಸಿಗುತ್ತೆ. ಒಬ್ಬರಿಗೆ ವರ್ಷಕ್ಕೆ 10 ದಿನ ಇದ್ದದ್ದನ್ನು ಕೋವಿಡ್ ಅಂತ 2021ರಲ್ಲಿ ಮೊದಲು 20, ಆಮೇಲೆ 30 ದಿನ ಮಾಡಿದರು. ಡೇಕೇರ್ ಮುಚ್ಚಿದ್ದರೂ ಅದನ್ನು ಬಳಸಬಹುದಿತ್ತು. ರಜಾ ಹೆಚ್ಚಿಸೋದೂ ಸೋಂಕು ತಡೆಯೋ ಕೆಲಸವೇ ಅಂತ ಅವರು ಅರ್ಥ ಮಾಡಿಕೊಂಡಿದ್ದರು.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಬಂದಾಗಿನಿಂದ 50 ಅಥವಾ ಹೆಚ್ಚು ನೌಕರರಿರೋ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು. ಇಎಸ್‌ಐ ಇದ್ದರೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತೆ. ಆದರೆ ಅದಕ್ಕೆ ಸಾಮಾನ್ಯವಾಗಿ 10 ಜನ ಕೆಲಸಗಾರರಾದರೂ ಇರಬೇಕು. ನಮ್ಮ ಬಡಾವಣೆಯ ಡೇಕೇರ್‌ಗಳಲ್ಲಿ ಎಷ್ಟು ಜನ ಇರ್ತಾರೆ? ನಾಲ್ಕು, ಐದು. ಹೀಗೆ ನಮ್ಮ ಕಂಪನಿಯ ಪಾಲಿಸಿ ಮಗುವನ್ನು ಡೇಕೇರ್‌ನ ಬಾಗಿಲವರೆಗೆ ತಂದು ಬಿಡುತ್ತೆ. ಬಾಗಿಲ ಒಳಗೆ ಅವಳನ್ನು ಎತ್ತಿಕೊಳ್ಳೋ ಕೈಗೆ ಯಾವ ಪಾಲಿಸಿಯೂ ಇಲ್ಲ. ಇನ್ನು ಅಂಗನವಾಡಿಯವರಿಗೆ ಬರೋದು ಸಂಬಳವೇ ಅಲ್ಲ, 'ಗೌರವಧನ'. ಅವರೂ ಗ್ರಾಚ್ಯುಟಿಗೆ ಅರ್ಹರು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್ 25ಕ್ಕೆ. ಐಸಿಡಿಎಸ್ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ಕ್ಕೆ, ಕರ್ನಾಟಕದಲ್ಲಿ ಮೊದಲಿಗೆ ತಿ. ನರಸೀಪುರದಲ್ಲಿ. ಲೆಕ್ಕ ನೀವೇ ಹಾಕಿ. 2023ರ ಜನವರಿಯಲ್ಲಿ ರಾಜ್ಯದ ಮೂಲೆಮೂಲೆಯಿಂದ ಅಂಗನವಾಡಿಯವರು ಬಂದು ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತಿದ್ದರಲ್ಲ, ಅವರ ಬೇಡಿಕೆಯಲ್ಲಿ ಗ್ರಾಚ್ಯುಟಿಯೂ ಇತ್ತು. ಚಿಕ್ಕಮ್ಮನೂ ಕೂತಿದ್ದಳು. ಟ್ರಾಫಿಕ್ ಜಾಮ್ ಅಂತ ನನ್ನ ಆಫೀಸಿನ ಗ್ರೂಪ್‌ನಲ್ಲಿ ಬೈಕೊಂಡದ್ದೂ ಅವರನ್ನೇ.

2023ರ ಜುಲೈ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಮಾಡ್ತೀವಿ ಅಂದರು. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ. ತುಂಬ ಒಳ್ಳೆಯ ಕೆಲಸ, ಅಂಗನವಾಡಿಗೂ ಸೇರಿಸಲಾಗದ ವಯಸ್ಸಿನ ಮಕ್ಕಳಿಗೆ ಒಂದು ಜಾಗ ಸಿಗುತ್ತೆ. ಕೂಸಿನ ಮನೆಯ ಗೋಡೆಗೆ ಚಿತ್ರ ಬರೆಯೋ ಹೊತ್ತಿಗೆ, ಅಲ್ಲಿ ಕೂಸು ನೋಡಿಕೊಳ್ಳೋ ಹೆಂಗಸಿಗೆ ಜ್ವರ ಬಂದರೆ ಆ ದಿನದ ಕೂಲಿ ಏನಾಗುತ್ತೆ ಅನ್ನೋದನ್ನೂ ಒಂದು ಸಾಲು ಬರೆದಿಟ್ಟರೆ ಸಾಕು. ಮುಂದಿನ ವೈರಸ್ ಯಾವುದೇ ಇರಲಿ, ಆ ಸಾಲು ಕೆಲಸಕ್ಕೆ ಬರುತ್ತೆ.

ಸರ್ಕಾರ ಮಾಡೋವರೆಗೆ ನಾವೇನು ಮಾಡಬಹುದು? ನಾವು ಮಾಡಿದ್ದು ಹೇಳ್ತೀನಿ, ದೊಡ್ಡದೇನಲ್ಲ. ನಮ್ಮ ಡೇಕೇರ್‌ನಲ್ಲಿ 22 ಮನೆಗಳ ಮಕ್ಕಳಿದ್ದಾರೆ. ಕಳೆದ ವರ್ಷ ಪೇರೆಂಟ್ಸ್ ಮೀಟಿಂಗ್‌ನಲ್ಲಿ ನಡೆಸೋ ಮೇಡಂಗೆ ನೇರವಾಗಿ ಕೇಳಿದ್ವಿ, ಆಯಾಗಳಿಗೆ ಸಿಕ್ ಲೀವ್ ಇದೆಯಾ ಅಂತ. ಅವರು ಮುಚ್ಚುಮರೆ ಮಾಡಲಿಲ್ಲ. "ರಜಾ ಕೊಡ್ತೀನಿ ಸರ್. ಆದರೆ ರಜಾದ ಸಂಬಳ, ಬದಲಿಯವರ ಸಂಬಳ ಎರಡೂ ಕೊಡೋ ಶಕ್ತಿ ನನಗಿಲ್ಲ," ಅಂದರು. ಮನೆಗೆ ತಿಂಗಳಿಗೆ 150 ರೂಪಾಯಿ ಹೆಚ್ಚು ಕೊಡೋದು ಅಂತ ಮಾತಾಯಿತು. 22 ಮನೆಗೆ 3,300 ರೂಪಾಯಿ. ಬದಲಿಗೆ ಬರೋರಿಗೆ ದಿನಕ್ಕೆ 550 ಅಂದ್ರೆ ತಿಂಗಳಿಗೆ ಆರು ದಿನ ಸಿಗುತ್ತೆ. ಬಳಸದೆ ಇದ್ದದ್ದು ಮುಂದಿನ ತಿಂಗಳಿಗೆ. ಇಬ್ಬರು ಅಪ್ಪಂದಿರು "ಇದು ನಮ್ಮ ಜವಾಬ್ದಾರಿನಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಒಂದು ಪೀಜಾದ ದುಡ್ಡಿಗೆ ಇಷ್ಟು ಚರ್ಚೆ ಬೇಕಾ ಅಂತ ಒಬ್ಬ ಅಮ್ಮ ಅಂದಮೇಲೆ ಒಪ್ಪಿಕೊಂಡರು. ಫೋನ್ ಮಾಡೋ ನಿಯಮವನ್ನೂ ಅವತ್ತೇ ಬದಲಾಯಿಸಿದ್ವಿ: ಮೊದಲ ನಂಬರ್‌ಗೇ ಮೊದಲು.

2023ರಲ್ಲಿ ಊರೆಲ್ಲ ಮದ್ರಾಸ್ ಐ ಹಬ್ಬಿತ್ತಲ್ಲ. ಒಂದು ಬೆಳಗ್ಗೆ ಆರೂ ಮುಕ್ಕಾಲಿಗೆ ಡೇಕೇರ್ ಗ್ರೂಪಿಗೆ ಮೇಡಂ ಮೆಸೇಜ್ ಹಾಕಿದರು. ಆಯಾ ಒಬ್ಬರು ಬೆಳಗ್ಗೆ ಎದ್ದು ಕನ್ನಡಿ ನೋಡಿಕೊಂಡು, ಕಣ್ಣು ಕೆಂಪಾಗಿದೆ ಅಂತ ತಾವೇ ಫೋನ್ ಮಾಡಿ ಹೇಳಿದ್ದರು. ನಾಲ್ಕು ದಿನ ಬರಲ್ಲ, ಬದಲಿಯವರು ಬರ್ತಾರೆ, ಮಕ್ಕಳ ಟವೆಲ್ ಬೇರೆಬೇರೆ ಕಳಿಸಿ ಅಂತ ಇತ್ತು. ಆಮೇಲೂ ಮೂರು ಮಕ್ಕಳಿಗೆ ಬಂತು, ಬರದೆ ಇರೋಕೆ ಅದೇನು ಬೇಲಿ ನೋಡಿ ನಿಲ್ಲೋದಲ್ಲ. ಆದರೆ ಆಕೆ ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬರಲಿಲ್ಲ. ಮನೆಯಲ್ಲಿ ಮಲಗಿದ್ದಳು, ತಿಂಗಳ ಕೊನೆಗೆ ಸಂಬಳ ಪೂರ್ತಿ ತಗೊಂಡಳು.